ಅಳತೆ ಪುಸ್ತಕ ಯಾರಿಗಾಗಿ?



ಬ್ಲಫ್ ಎಂಬ ಈ ಪುಟ್ಟ ಊರಿಗೆ ನಮ್ಮ ನಾಡಿನ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಶಿವನಸಮುದ್ರದ ಬಳಿ ಕಾವೇರಿಯ ನೀರಿನಿಂದ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದುದೂ ಇಲ್ಲಿಂದಲೇ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿ ಮತ್ತು ಸ್ವಿಟ್ಜರ್ಲೆಂಡಿನ ಎಷರ್ ವೈಸ್ ಕಂಪೆನಿಗಳಿಂದ ಯಂತ್ರಗಳು ಬಂದವು. ಅವುಗಳನ್ನು ಹಡಗಿನಲ್ಲಿ ತಂದು, ಎತ್ತುಗಳನ್ನೂ ಆನೆಗಳನ್ನೂ ಬಳಸಿ ಇಲ್ಲಿಗೆ ಸಾಗಿಸಿದರೆಂದು ಓದುತ್ತೇವೆ.

ನೂರಿಪ್ಪತ್ತು ವರ್ಷಗಳ ಹಿಂದೆ ಒಂದು ಸಂಸ್ಥಾನ ಸಾಗರದಾಚೆಯ ಕಂಪೆನಿಗಳೊಂದಿಗೆ ಕರಾರು ಮಾಡಿಕೊಂಡು ಇಷ್ಟು ದೊಡ್ಡ ಕಾಮಗಾರಿಯನ್ನು ಮುಗಿಸಿತು. ಹಾಗಿರುವಾಗ ಇಂದಿನ ಒಂದು ಪುರಸಭೆಗೆ ತನ್ನದೇ ಊರಿನ ಗುತ್ತಿಗೆದಾರನಿಂದ ನೂರು ಮೀಟರ್ ಚರಂಡಿಯನ್ನು ಎರಡು ಮಳೆಗಾಲ ಬಾಳುವಂತೆ ಕಟ್ಟಿಸಲು ಏಕೆ ಸಾಧ್ಯವಾಗುವುದಿಲ್ಲ? ಹಣವಿಲ್ಲ ಎಂಬುದು ಸಿದ್ಧ ಉತ್ತರ. ಆದರೆ ಹಣ ಬಂದ ಕಡೆಯಲ್ಲೂ ಚರಂಡಿ ಕುಸಿದಿರುವುದನ್ನು ಮಳವಳ್ಳಿ, ಮದ್ದೂರು, ಮಂಡ್ಯದಿಂದ ಬಂದಿರುವ ನಿಮಗೆ ನಾನು ಹೇಳಬೇಕಾಗಿಲ್ಲ.

ಕಾಮಗಾರಿಯೊಂದರ ಹಣೆಬರಹ ನಿರ್ಧಾರವಾಗುವುದು ಗುದ್ದಲಿ ಪೂಜೆಯ ದಿನವಲ್ಲ, ಅದಕ್ಕೂ ಎಷ್ಟೋ ಮೊದಲು ಕಚೇರಿಯ ಕಡತದಲ್ಲಿ. ಕಡತ ಸಾಗುವ ದಾರಿ ಹೀಗಿದೆ. ಮೊದಲು ಕ್ರಿಯಾ ಯೋಜನೆ. ಯಾವ ವಾರ್ಡಿಗೆ ಏನು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಬಳಿಕ ಎಂಜಿನಿಯರ್ ಅಂದಾಜು ಪಟ್ಟಿ ತಯಾರಿಸುತ್ತಾರೆ. ಉದ್ದ, ಅಗಲ, ದಪ್ಪ, ಕಾಂಕ್ರೀಟಿನ ಗುಣಮಟ್ಟ, ಪ್ರತಿಯೊಂದರ ದರ ಎಲ್ಲವೂ ಅದರಲ್ಲಿರುತ್ತವೆ. ಮಂಜೂರಾತಿಯ ನಂತರ ಟೆಂಡರ್, ಟೆಂಡರಿನ ನಂತರ ಒಪ್ಪಂದ ಮತ್ತು ಕಾರ್ಯಾದೇಶ. ಕೆಲಸ ನಡೆದಂತೆಲ್ಲ ಎಂಜಿನಿಯರ್ ಸ್ಥಳದಲ್ಲೇ ಅಳೆದು ಅಳತೆ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕದ ಆಧಾರದ ಮೇಲೆಯೇ ಬಿಲ್ಲು ಪಾವತಿಯಾಗುತ್ತದೆ. ಕೆಲಸ ಮುಗಿದ ಮೇಲೂ ಒಪ್ಪಂದದಲ್ಲಿ ಹೇಳಿದ ಅವಧಿಯವರೆಗೆ ದೋಷ ಕಂಡರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಅದಕ್ಕಾಗಿಯೇ ಅವನ ಭದ್ರತಾ ಠೇವಣಿಯನ್ನು ಇಟ್ಟುಕೊಂಡಿರುತ್ತಾರೆ.

ಇದಕ್ಕೆ ಬಲವಾದ ಕಾನೂನೂ ನಮ್ಮಲ್ಲಿದೆ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವನ್ನು ಕರ್ನಾಟಕ 1999ರಲ್ಲೇ ರೂಪಿಸಿತು. ಮರುವರ್ಷ ನಿಯಮಗಳು ಬಂದವು. 2007ರಿಂದ ಟೆಂಡರುಗಳನ್ನು ಕಂಪ್ಯೂಟರ್ ಜಾಲದ ಮೂಲಕ ಕರೆಯುವ ಇ-ಸಂಗ್ರಹಣೆ ಪದ್ಧತಿ ಆರಂಭವಾಯಿತು. ಟೆಂಡರ್ ಪೆಟ್ಟಿಗೆಯ ಬಳಿ ನಿಂತು ಪ್ರತಿಸ್ಪರ್ಧಿಯನ್ನು ತಡೆಯುತ್ತಿದ್ದ ಕಾಲ ಇದರಿಂದ ಬಹುಮಟ್ಟಿಗೆ ಮುಗಿಯಿತು. ಆದರೆ ಬಾಗಿಲಿಗೆ ಬೀಗ ಹಾಕಿದರೆ ಕಿಟಕಿ ಹುಡುಕುವವರು ಇದ್ದೇ ಇರುತ್ತಾರೆ.

ಮೊದಲ ಕಿಟಕಿ, ಕಾಮಗಾರಿಯನ್ನು ತುಂಡು ಮಾಡುವುದು. ನಿಗದಿತ ಮೌಲ್ಯಕ್ಕಿಂತ ಕಡಿಮೆಯ ಕೆಲಸಕ್ಕೆ ಕಾಯಿದೆಯ ಟೆಂಡರ್ ಕ್ರಮದಿಂದ ವಿನಾಯಿತಿ ಇದೆ. ಮಿತಿ ಐದು ಲಕ್ಷವೆಂದು ಇಟ್ಟುಕೊಳ್ಳಿ. 18 ಲಕ್ಷದ ಒಂದೇ ಚರಂಡಿ ಕಾಗದದಲ್ಲಿ ನಾಲ್ಕು ಚರಂಡಿಗಳಾಗುತ್ತದೆ. ಇಂತಹವರ ಮನೆಯಿಂದ ಅಂತಹವರ ಮನೆಯವರೆಗೆ, ಅಲ್ಲಿಂದ ಮುಂದಿನ ತಿರುವಿನವರೆಗೆ. ಎರಡನೆಯದು, ಕಾಯಿದೆಯ 4(ಜಿ) ಪ್ರಕರಣದಡಿ ಸರಕಾರ ಕೊಡುವ ವಿಶೇಷ ವಿನಾಯಿತಿ. ತುರ್ತು ಎಂಬ ಹೆಸರಿನಲ್ಲಿ ಇದನ್ನು ಪಡೆಯುವ ಪರಿಪಾಠ ಎಲ್ಲ ಪಕ್ಷಗಳ ಆಳ್ವಿಕೆಯಲ್ಲೂ ಟೀಕೆಗೆ ಗುರಿಯಾಗಿದೆ. ಮೂರನೆಯದು ಖರೀದಿಯಲ್ಲಿದೆ. ಬೀದಿ ದೀಪ, ಬ್ಲೀಚಿಂಗ್ ಪೌಡರ್, ಕೊಳವೆಬಾವಿಯ ಮೋಟಾರು ಮುಂತಾದ ಸಣ್ಣ ಖರೀದಿಗಳಿಗೆ ಮೂರು ಅಂಗಡಿಗಳ ದರಪಟ್ಟಿ ಇರುತ್ತದೆ, ಆದರೆ ಮೂರನ್ನೂ ಬರೆದ ಕೈ ಒಂದೇ ಆಗಿರಬಹುದು. ದಾಸ್ತಾನು ಪುಸ್ತಕದಲ್ಲಿ ನೂರು ದೀಪ ಬಂದಿರುತ್ತದೆ, ಕಂಬಗಳಲ್ಲಿ ಅರುವತ್ತು ಉರಿಯುತ್ತಿರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಸುಲಭದ್ದು, ಅಳತೆಯ ಕಳವು. ಲೆಕ್ಕ ಹಾಕಿ ನೋಡಿ. ನೂರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ರಸ್ತೆಗೆ 15 ಸೆಂಟಿಮೀಟರ್ ದಪ್ಪ ಕಾಂಕ್ರೀಟ್ ಹಾಕಲು 60 ಘನ ಮೀಟರ್ ಬೇಕು. ಹತ್ತು ಸೆಂಟಿಮೀಟರ್ ಹಾಕಿ ಹದಿನೈದು ಎಂದು ಬರೆದರೆ 20 ಘನ ಮೀಟರ್ ಉಳಿಯಿತು. ಒಂದು ಘನ ಮೀಟರಿಗೆ ಸುಮಾರು ಎಂಟು ಮೂಟೆಯಂತೆ ಹಿಡಿದರೂ 160 ಮೂಟೆ ಸಿಮೆಂಟು, ಅದರ ಜೊತೆಗಿನ ಜಲ್ಲಿ ಮತ್ತು ಮರಳು ಒಂದೇ ಬೀದಿಯಲ್ಲಿ ಮಾಯವಾದಂತಾಯಿತು. ಮೇಲೆ ನಯವಾಗಿ ತೀಡಿದ ರಸ್ತೆಯನ್ನು ನೋಡಿ ನಾವು ಸದಸ್ಯರಿಗೆ ಹಾರ ಹಾಕುತ್ತೇವೆ. ಒಳಗಿನ ಐದು ಸೆಂಟಿಮೀಟರ್ ಇಲ್ಲದಿರುವುದು ಮಳೆ ಬಂದಾಗ ಗೊತ್ತಾಗುತ್ತದೆ.

ಹೀಗೆ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಸಾರ್ವಜನಿಕ ಕಾಮಗಾರಿಗಳಲ್ಲಿ ಶೇ. 40ರವರೆಗೆ ಕಮಿಷನ್ ಕೊಡಬೇಕಾಗಿದೆಯೆಂದು ರಾಜ್ಯ ಗುತ್ತಿಗೆದಾರರ ಸಂಘದ ಅಂದಿನ ಅಧ್ಯಕ್ಷ ಡಿ. ಕೆಂಪಣ್ಣ ಅವರು 2021ರಲ್ಲಿ ಪ್ರಧಾನ ಮಂತ್ರಿಗೇ ಪತ್ರ ಬರೆದು ಆರೋಪಿಸಿದರು. ಆ ಆರೋಪಗಳ ವಿಚಾರಣೆಗೆ 2023ರಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ರಚನೆಯಾಯಿತು, 2025ರಲ್ಲಿ ಅದು ವರದಿ ಸಲ್ಲಿಸಿತು. ಆರೋಪದ ಸತ್ಯಾಸತ್ಯತೆ ಏನೇ ಇರಲಿ, ಒಂದು ಮಾತು ಸ್ಪಷ್ಟ. ಕಮಿಷನ್ ಯಾವ ಗುತ್ತಿಗೆದಾರನ ಮನೆಯಿಂದಲೂ ಬರುವುದಿಲ್ಲ, ಅದು ಸಿಮೆಂಟಿನಿಂದ ಬರುತ್ತದೆ.

ಪ್ರಾಮಾಣಿಕ ಗುತ್ತಿಗೆದಾರನ ಕಷ್ಟವನ್ನೂ ಇಲ್ಲಿ ಹೇಳಬೇಕು. ಬೆಳಗಾವಿಯ ಹಿಂಡಲಗಾ ಗ್ರಾಮದಲ್ಲಿ ಸುಮಾರು ನಾಲ್ಕು ಕೋಟಿ ರೂಪಾಯಿಯ ಕೆಲಸ ಮಾಡಿದ್ದೇನೆ, ಹಣ ಬಂದಿಲ್ಲ, ಕಮಿಷನ್ ಕೇಳುತ್ತಿದ್ದಾರೆ ಎಂದು ಆರೋಪಿಸಿದ್ದ ಗುತ್ತಿಗೆದಾರರೊಬ್ಬರು 2022ರ ಏಪ್ರಿಲ್‌ನಲ್ಲಿ ಉಡುಪಿಯಲ್ಲಿ ಪ್ರಾಣ ಕಳಕೊಂಡರು. ಅಂದಿನ ಗ್ರಾಮೀಣಾಭಿವೃದ್ಧಿ ಸಚಿವರು ರಾಜೀನಾಮೆ ನೀಡಿದರು, ಬಳಿಕ ಪೊಲೀಸ್ ತನಿಖೆಯು ಅವರ ವಿರುದ್ಧ ಸಾಕ್ಷ್ಯವಿಲ್ಲವೆಂದಿತು. ಆ ಕೆಲಸಗಳಿಗೆ ಕಾರ್ಯಾದೇಶವೇ ಇರಲಿಲ್ಲ ಎಂಬುದು ಪ್ರಕರಣದುದ್ದಕ್ಕೂ ಕೇಳಿಬಂದ ಮಾತು. ಬಾಯಿಮಾತಿನ ಮೇಲೆ ಕೆಲಸ ಆರಂಭವಾದರೆ ಗುತ್ತಿಗೆದಾರನೂ ಸುರಕ್ಷಿತನಲ್ಲ, ಊರೂ ಸುರಕ್ಷಿತವಲ್ಲ. ಕಾಗದ ಪತ್ರವೆಂಬುದು ಕೇವಲ ಗುಮಾಸ್ತರ ಕಿರುಕುಳವಲ್ಲ, ದುರ್ಬಲನ ರಕ್ಷಣೆಯೂ ಹೌದು.

ಸಾರ್ವಜನಿಕ ಹುದ್ದೆಯಲ್ಲಿರುವವನಿಗೆ ಬರುವ ಉಡುಗೊರೆಯ ಪ್ರಶ್ನೆ ಹೊಸದೇನಲ್ಲ. ಝಕಾತ್ ಸಂಗ್ರಹಿಸಲು ಹೋಗಿದ್ದ ಇಬ್ನುಲ್ ಲುತ್ಬಿಯ್ಯ ಎಂಬವರು ಮರಳಿ ಬಂದು, ಇದು ನಿಮಗೆ, ಇದು ನನಗೆ ಬಂದ ಉಡುಗೊರೆ ಎಂದು ಬೇರ್ಪಡಿಸಿದಾಗ ಪ್ರವಾದಿವರ್ಯರು(ಸ) ಮಿಂಬರ್ ಏರಿ ಆ ವಿಷಯವನ್ನು ಎಲ್ಲರ ಮುಂದಿಟ್ಟ ಪ್ರಸಂಗ ನಿಮಗೆ ತಿಳಿದಿದೆ. ತಂದೆಯ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬುದೇ ಅಂದು ಎತ್ತಿದ ಪ್ರಶ್ನೆ. ಕಚೇರಿಯ ಕುರ್ಚಿಯಿಂದಾಗಿ ಬಂದುದು ಕುರ್ಚಿಯವನದ್ದಲ್ಲ. ಆ ಪ್ರಶ್ನೆಯನ್ನು ಸಭೆಯ ಮುಂದೆಯೇ ಎತ್ತಿದ್ದರಲ್ಲಿಯೂ ಒಂದು ಪಾಠವಿದೆ: ಸಾರ್ವಜನಿಕ ಹಣದ ಮಾತು ಸಾರ್ವಜನಿಕವಾಗಿಯೇ ಆಗಬೇಕು.

ಈಗ ನಮ್ಮ ಕಡೆಗೂ ನೋಡೋಣ. ನಮ್ಮ ಮೊಹಲ್ಲಾಗಳಿಗೆ ಅನುದಾನದಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಅನೇಕ ಕಡೆ ನ್ಯಾಯವಾದುದೇ. ಆದರೆ ಬಂದ ಅನುದಾನದ ಲೆಕ್ಕವನ್ನು ನಾವು ಕೇಳಿದ್ದೇವೆಯೇ? ಸದಸ್ಯ ನಮ್ಮವನು, ಗುತ್ತಿಗೆದಾರ ನಮ್ಮವನು, ಸುಮ್ಮನಿರೋಣ ಎಂದು ಹಿರಿಯರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಕಳಪೆ ಚರಂಡಿಯಿಂದ ಉಕ್ಕುವ ನೀರು ಯಾರ ಮನೆಗೆ ನುಗ್ಗುತ್ತದೆ? ಅದೇ ನಮ್ಮವರ ಮನೆಗೆ. ಅದರ ಸೊಳ್ಳೆ ಕಚ್ಚುವುದೂ ನಮ್ಮವರ ಮಕ್ಕಳಿಗೆ.

ಇನ್ನೊಂದು ಕಾರಣಕ್ಕೂ ಈ ಮಾತು ಈಗ ಮುಖ್ಯ. ಸರಕಾರಿ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮತ್ತು ಕೆಲವು ಹಿಂದುಳಿದ ವರ್ಗಗಳಿಗೆ ಮೀಸಲಾತಿ ಈಗಾಗಲೇ ಬಂದಿದೆ. ಎರಡು ಕೋಟಿ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಶೇ. 4 ಮೀಸಲಾತಿ ಕೊಡುವ ತಿದ್ದುಪಡಿ ಮಸೂದೆಯನ್ನು ವಿಧಾನಮಂಡಲ 2025ರ ಮಾರ್ಚ್‌ನಲ್ಲಿ ಅಂಗೀಕರಿಸಿತು. ಏಪ್ರಿಲ್‌ನಲ್ಲಿ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿದರು. ದುಡಿಮೆಯ ಕ್ಷೇತ್ರದಲ್ಲಿ ಪಾಲು ಕೇಳುವುದು ಹಕ್ಕು. ಆದರೆ ಆ ಪಾಲು ಸಮುದಾಯದ ಗೌರವ ಹೆಚ್ಚಿಸಬೇಕಾದರೆ ನಮ್ಮ ಗುತ್ತಿಗೆದಾರನ ರಸ್ತೆಯ ದಪ್ಪವನ್ನು ಅಳೆಯಲು ಮೊದಲು ಪಟ್ಟಿ ಹಿಡಿಯಬೇಕಾದವರು ನಾವೇ.

ಅಳೆಯುವ ಅಧಿಕಾರ ನಮಗಿದೆಯೇ? ಇದೆ. 1994ರಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಪಂಚಾಯಿತಿಯ ಬಿಲ್ಲು, ವೋಚರುಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿಸಿದರು. ಆಗದ ಕೆಲಸಗಳು, ಕೊಡದ ಕೂಲಿಗಳು ಬಯಲಾದವು. ಹೀಗೆ ಬೆಳೆದ ಹೋರಾಟದ ಫಲವೇ 2005ರ ಮಾಹಿತಿ ಹಕ್ಕು ಕಾಯಿದೆ. ಇದರ 2(ಜೆ) ಪ್ರಕರಣದಂತೆ ದಾಖಲೆಯ ಪ್ರತಿ ಪಡೆಯುವುದಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವುದೂ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವುದೂ ನಾಗರಿಕನ ಹಕ್ಕು. ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ ಇರಬೇಕು. ಆದ್ದರಿಂದ ಊರಿನ ಎಲ್ಲ ಕಾಮಗಾರಿಗಳ ವಿವರ ಕೇಳಬೇಡಿ. ಒಂದು ಬೀದಿಯ ಒಂದು ಕೆಲಸದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟ ಮತ್ತು ಬಿಲ್ಲು ಇಷ್ಟನ್ನೇ ಕೇಳಿ.

ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿರುವವರಿಗೆ ಇನ್ನೂ ಒಂದು ಬಾಗಿಲಿದೆ. 2004ರ ನಿಯಮಗಳ ಪ್ರಕಾರ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯಬೇಕು. ಅಂದು ಹಿಂದಿನ ಸಾಲಿನ ಜಮಾ ಖರ್ಚು ಜನರ ಮುಂದೆ ಬರಬೇಕು, ಕಾಮಗಾರಿಗಳನ್ನು ಸ್ಥಳದಲ್ಲೇ ತೋರಿಸಬೇಕು. ಅನೇಕ ಊರುಗಳಲ್ಲಿ ಇದು ಕೆಲವರ ಸಹಿಯಲ್ಲಿ ಮುಗಿದುಹೋಗುತ್ತದೆ. ನಾವು ಹೋಗದಿರುವುದೇ ಅದಕ್ಕೆ ಕಾರಣ. ಎಲ್ಲೂ ನ್ಯಾಯ ಸಿಗದಿದ್ದರೆ ಲೋಕಾಯುಕ್ತವಿದೆ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ ಅದರ ಬಲ ಕುಂದಿಸಲಾಗಿತ್ತು, 2022ರಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು.

ಸಹೋದರರೇ, ಒಬ್ಬನೇ ಅರ್ಜಿ ಹಾಕಿದರೆ ಅವನನ್ನು ಬ್ಲ್ಯಾಕ್‌ಮೇಲ್ ಮಾಡುವವನೆಂದು ಕರೆಯುತ್ತಾರೆ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆದ್ದರಿಂದ ಪ್ರತಿ ವಾರ್ಡಿನಲ್ಲಿ ಎಲ್ಲ ಸಮುದಾಯಗಳ ಐವರು ಸೇರಿ. ನಿವೃತ್ತ ಶಿಕ್ಷಕರು, ಡಿಪ್ಲೊಮಾ ಓದಿದ ಒಬ್ಬ ಹುಡುಗ, ದಿನವಿಡೀ ಆ ಬೀದಿಯಲ್ಲೇ ಬದುಕುವ ಇಬ್ಬರು ಸಹೋದರಿಯರು ಅವರಲ್ಲಿರಲಿ. ದಾಖಲೆ ಸಿಕ್ಕಾಗ ಮುಚ್ಚಿಡದೆ ಬೀದಿಯಲ್ಲೇ ಓದಿ ಹೇಳಿ. ಕೆಲಸ ಚೆನ್ನಾಗಿ ನಡೆದಿದ್ದರೆ ಎಂಜಿನಿಯರರಿಗೂ ಗುತ್ತಿಗೆದಾರನಿಗೂ ಅಲ್ಲಿಯೇ ಕೃತಜ್ಞತೆ ಹೇಳಿ. ತಪ್ಪಿದ್ದರೆ ದೋಷ ಹೊಣೆಯ ಅವಧಿ ಮುಗಿಯುವ ಮೊದಲೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಭದ್ರತಾ ಠೇವಣಿ ಮರುಪಾವತಿಯಾದ ಮೇಲೆ ಕೂಗಿ ಫಲವಿಲ್ಲ.

ಅಳತೆ ಪುಸ್ತಕವನ್ನು ಎಂಜಿನಿಯರ್ ಬರೆಯುತ್ತಾರೆ, ಲೆಕ್ಕಿಗರು ಓದುತ್ತಾರೆ. ಆದರೆ ಅದರಲ್ಲಿರುವುದು ನಮ್ಮ ಬೀದಿಯ ಉದ್ದ, ನಮ್ಮ ತೆರಿಗೆಯ ಹಣ. ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿ ವಾರ್ಡಿನಿಂದ ಒಂದಾದರೂ ಅರ್ಜಿ ಹೋಗಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.