ಫ್ರಾಂಕ್‌ಫರ್ಟಿನ ಬಾಗಿಲಲ್ಲಿ ಮಾಗಡಿ

(ಮಾಗಡಿಯಲ್ಲಿ ನಡೆದ ಕನ್ನಡ ಯುವಜನರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)

ಬೆಂಗಳೂರಿನಿಂದ ಬೈಕಿನಲ್ಲಿ ಧೂಳು ಕುಡಿದು ಬಂದಿರುವ ನನ್ನ ತಮ್ಮ ತಂಗಿಯರೇ,

ನಾನು ಭಾಷಣಕಾರನಲ್ಲ. ಭಾಷಣ ಮಾಡುವವರ ಕರಪತ್ರ ಅಚ್ಚು ಹಾಕುವವನು. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು ಇವತ್ತಿಗೂ ಎದ್ದಿಲ್ಲ. "ನಮ್ಮ ಹುಡುಗರು ಹೊರದೇಶಕ್ಕೆ ಹೋಗಿ ಹೇಗೆ ಬದುಕುತ್ತಾರೆ ಅಂತ ಹೇಳಿ, ನಿಮ್ಮ ಮನೆಯಲ್ಲೇ ಉದಾಹರಣೆ ಇದೆಯಲ್ಲ" ಎಂದರು ಸಂಘಟಕರು. ಇದೆ. ಆ ಉದಾಹರಣೆಗೆ ನಾಲ್ಕು ಕಾಲು, ಒಂದು ಬಾಲವೂ ಇದೆ.

ನನ್ನ ತಂಗಿ 2023ರ ಅಕ್ಟೋಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿಗೆ ಹೋದಳು. ಗಂಡ ಚನ್ನಪಟ್ಟಣದ ಹುಡುಗ, ಕಂಪ್ಯೂಟರ್ ಕೆಲಸ, ಆರು ತಿಂಗಳು ಮೊದಲೇ ಹೋಗಿದ್ದ. ಇವಳ ಜೊತೆ ಹೋದದ್ದು ನಮ್ಮ ಪ್ರೆಸ್ಸಿನ ನಾಯಿ. ಜಾತಿ ನಾಯಿ ಅಂದುಕೊಳ್ಳಬೇಡಿ. ಸೋಮೇಶ್ವರ ದೇವಸ್ಥಾನದ ಕಡೆ ಚರಂಡಿ ಪಕ್ಕ ಸಿಕ್ಕ ಕಂತ್ರಿ ಮರಿ. ಬಾಲ ಸುತ್ತಿಕೊಂಡು ಥೇಟ್ 'ಕು' ಅಕ್ಷರದ ಕೊಂಬಿನ ಹಾಗೆ. ಅದಕ್ಕೇ ಅದರ ಹೆಸರು ಕೊಂಬು. ಪೇಪರ್ ರೀಮಿನ ಮೇಲೆ ಮಲಗಿ ಬೆಳೆದದ್ದು.

ಕರೆದುಕೊಂಡು ಹೋಗುತ್ತೇನೆ ಎಂದಾಗ ಮೊದಲು ಬೈದವನು ನಾನೇ. "ಮಾಗಡಿ ನಾಯಿಗೆ ವಿಮಾನವೇ? ಆ ದುಡ್ಡಿಗೆ ಅಮ್ಮನ ಕಣ್ಣಿನ ಆಪರೇಷನ್ ಆಗುತ್ತೆ" ಎಂದೆ. ಅಮ್ಮನೇ ನನ್ನನ್ನು ಗದರಿದಳು: "ನೀನು ಸುಮ್ನಿರಪ್ಪ, ಅಷ್ಟು ದೂರ ಹೆಣ್ಣುಮಗು ಒಂಟಿಯಾಗಿ ಹೋಗ್ತದೆ."

ನಾಯಿಗೆ ಪಾಸ್‌ಪೋರ್ಟ್ ಬೇಡ, ಆದರೆ ಕಾಗದಪತ್ರ ನಮ್ಮ ನಿಮ್ಮದಕ್ಕಿಂತ ಹೆಚ್ಚು. ಮೊದಲು ಚರ್ಮದೊಳಗೆ ಅಕ್ಕಿಕಾಳಿನಷ್ಟು ಚಿಪ್, ಅದರಲ್ಲಿ 15 ಅಂಕಿ. ಚಿಪ್ ಹಾಕಿದ ಮೇಲೇ ರೇಬೀಸ್ ಚುಚ್ಚುಮದ್ದು. ಮೊದಲು ಹಾಕಿಸಿದ್ದು ಲೆಕ್ಕಕ್ಕಿಲ್ಲ. 30 ದಿನ ಕಳೆದ ಮೇಲೆ ರಕ್ತ ತೆಗೆದು ಯುರೋಪು ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ರಕ್ತದಲ್ಲಿ ರೇಬೀಸ್ ತಡೆಯುವ ಶಕ್ತಿ ಇಷ್ಟಿದೆ ಅಂತ ಬಂದರೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ನಮ್ಮದು ರೇಬೀಸ್ ಇರುವ ದೇಶ, ಅವರ ಭಯ ಅವರಿಗೆ. ಕೊನೆಗೆ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಸರ್ಟಿಫಿಕೇಟು. ಅದು ಕೈಗೆ ಬಂದ ಹತ್ತು ದಿನದೊಳಗೆ ಯುರೋಪು ಮುಟ್ಟಬೇಕು. ಒಟ್ಟು ಐದು ತಿಂಗಳು ಹಿಡಿಯಿತು. ನಿಮ್ಮಲ್ಲಿ ಯಾರಾದರೂ ನಾಯಿ ಕರೆದುಕೊಂಡು ಹೋಗುವವರಿದ್ದರೆ ವೀಸಾಗಿಂತ ಮೊದಲು ಚಿಪ್ ಹಾಕಿಸಿ. ಇದೊಂದನ್ನು ಬರೆದಿಟ್ಟುಕೊಳ್ಳಿ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಪ್ರಾಣಿಗಳಿಗೇ ಒಂದು ಲಾಂಜ್ ಇದೆಯಂತೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಮನುಷ್ಯರಿಗೆ ಇದ್ದರೆ ಸಾಕಾಗಿತ್ತು. ಇರಲಿ.

ಇನ್ನು ಹೆಸರಿನ ಕಥೆ. ಆ ದೇಶದ ಅಪಾರ್ಟ್‌ಮೆಂಟಿನಲ್ಲಿ ಮನೆಗಳಿಗೆ ಸಾಮಾನ್ಯವಾಗಿ ನಂಬರು ಇರುವುದಿಲ್ಲ. ಕಾಲಿಂಗ್ ಬೆಲ್ ಮೇಲೆ, ಟಪಾಲು ಡಬ್ಬದ ಮೇಲೆ ಮನೆತನದ ಹೆಸರು ಇರಬೇಕು. ಹೆಸರಿಲ್ಲದಿದ್ದರೆ ಪೋಸ್ಟ್‌ಮ್ಯಾನ್ ಕಾಗದ ವಾಪಸ್ ಒಯ್ಯುತ್ತಾನೆ. ಬ್ಯಾಂಕ್, ವಿಮೆ, ತೆರಿಗೆ ನಂಬರು, ಅಲ್ಲಿ ಎಲ್ಲವೂ ಟಪಾಲಿನಲ್ಲೇ ಬರುತ್ತದೆ. ನಮಗೆಲ್ಲಿದೆ ಮನೆತನದ ಹೆಸರು? ಇನಿಷಿಯಲ್ ಇದೆ. ತಂಗಿಯ 'ಎಂ' ಅಂದರೆ ಮಾಗಡಿ. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನೇ ಸರ್‌ನೇಮ್ ಕಾಲಂಗೆ ತುಂಬಿದ್ದಳು. ಗಂಡನ ಸರ್‌ನೇಮ್ ಅವನ ಅಪ್ಪನ ಹೆಸರು. ಹೀಗಾಗಿ ಟಪಾಲು ಡಬ್ಬದ ಮೇಲೆ ಎರಡು ಹೆಸರು: ಸತ್ತುಹೋದ ಮಾವನದು ಒಂದು, ನಮ್ಮೂರಿನದು ಇನ್ನೊಂದು. ಸರ್ಕಾರದ ಕಾಗದದಲ್ಲಿ ಆಕೆ 'ಫ್ರಾವ್ ಮಾಗಡಿ', ಶ್ರೀಮತಿ ಮಾಗಡಿ. ಅಮ್ಮನಿಗೆ ಇದನ್ನು ಹೇಳಿದಾಗ ಎರಡು ದಿನ ನಕ್ಕಳು.

ಮನೆಗೆ ಸೇರಿದ ಎರಡು ವಾರದೊಳಗೆ ಪಾಲಿಕೆ ಕಚೇರಿಗೆ ಹೋಗಿ "ನಾನು ಇಲ್ಲಿದ್ದೇನೆ" ಅಂತ ದಾಖಲು ಮಾಡಿಸಬೇಕು. ನಾಯಿಯನ್ನೂ ದಾಖಲು ಮಾಡಿಸಬೇಕು, ಅದಕ್ಕೆ ವರ್ಷಾ ವರ್ಷ ತೆರಿಗೆ. ಇನ್ನೊಂದು ನಿಯಮವೂ ಇದೆ: ನಾಯಿಯನ್ನು ಸಾಕಷ್ಟು ಹೊತ್ತು ಹೊರಗೆ ಕರೆದುಕೊಂಡು ಹೋಗಲೇಬೇಕು. ನಾಯಿ ಇದೆ ಅಂದರೆ ಬಾಡಿಗೆಗೆ ಮನೆ ಕೊಡುವವರು ಅಲ್ಲೂ ಮುಖ ತಿರುಗಿಸುತ್ತಾರೆ. "ನಾಯಿ ಸಾಕಲೇಬಾರದು" ಅಂತ ಎಲ್ಲರಿಗೂ ಒಂದೇ ಷರತ್ತು ಬರೆಸಿಕೊಳ್ಳುವುದು ನಡೆಯುವುದಿಲ್ಲ ಅಂತ 2013ರಲ್ಲಿ ಅಲ್ಲಿಯ ಉನ್ನತ ನ್ಯಾಯಾಲಯ ಹೇಳಿದೆ. ಆದರೂ ಇವರಿಗೆ ಹನ್ನೊಂದನೇ ಮನೆ ಸಿಕ್ಕಿತು.

ಈಗ ನಿಜವಾದ ಮಾತಿಗೆ ಬರುತ್ತೇನೆ.

ಜರ್ಮನಿಯಲ್ಲಿ 2007ರಿಂದ ಒಂದು ಕಾನೂನಿದೆ. ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಬರುವವರು ವೀಸಾಕ್ಕೆ ಮೊದಲೇ ಜರ್ಮನ್ ಭಾಷೆಯ ಮೊದಲ ಮೆಟ್ಟಿಲಿನ ಪರೀಕ್ಷೆ ಪಾಸಾಗಿರಬೇಕು. ಆದರೆ ಬ್ಲೂ ಕಾರ್ಡ್ ಇರುವ ಹೆಚ್ಚು ಓದಿದ ಕೆಲಸಗಾರರ ಸಂಗಾತಿಗೆ ವಿನಾಯಿತಿ. ಭಾವನದು ಬ್ಲೂ ಕಾರ್ಡ್. ಹಾಗಾಗಿ ತಂಗಿ ಒಂದು ಪದ ಕಲಿಯದೆ ಹೋದಳು. "ಅಲ್ಲೆಲ್ಲ ಇಂಗ್ಲಿಷ್ ನಡೆಯುತ್ತೆ ಅಣ್ಣ" ಎಂದಳು. ಗಂಡನ ಆಫೀಸಿನಲ್ಲಿ ನಡೆಯುತ್ತೆ. ಮೆಟ್ಟಿಲ ಮೇಲೆ ನಡೆಯಲ್ಲ, ಔಷಧಿ ಅಂಗಡಿಯಲ್ಲಿ ಅರ್ಧ ನಡೆಯುತ್ತೆ, ಪಾಲಿಕೆಯ ಕಾಗದದಲ್ಲಿ ಸುತರಾಂ ನಡೆಯಲ್ಲ. ಗಂಡ ಬೆಳಗ್ಗೆ ಹೋದರೆ ಸಂಜೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ದಿನವಿಡೀ ಅವಳು ಮಾತಾಡುತ್ತಿದ್ದುದು ಕೊಂಬಿನ ಜೊತೆ ಮಾತ್ರ. ಅದಕ್ಕೂ ಗೊತ್ತಿರುವುದು ಒಂದೇ ಭಾಷೆ. "ಬಾರ್ಲಾ", "ಕೂತ್ಕಳ್ಲಾ", "ಸುಮ್ನಿರ್ಲಾ". ಅದೂ ಮಾಗಡಿ ಕನ್ನಡ. ಧಾರವಾಡದವರು ಕರೆದರೆ ತಿರುಗಿ ನೋಡುತ್ತಿರಲಿಲ್ಲ.

ಪ್ರೆಸ್ಸಿನ ಸದ್ದಿನಲ್ಲಿ ಬೆಳೆದ ನಾಯಿ ಅದು. ಆ ಊರಿನ ನಿಶ್ಶಬ್ದಕ್ಕೆ ಹೆದರಿ ರಾತ್ರಿ ಬೊಗಳಲು ಶುರು ಮಾಡಿತು. ರಾತ್ರಿ ಹತ್ತರ ಮೇಲೆ ಅಲ್ಲಿ ಗದ್ದಲ ಮಾಡುವಂತಿಲ್ಲ. ಕಟ್ಟಡ ನೋಡಿಕೊಳ್ಳುವವರಿಂದ ಎರಡು ಪುಟದ ಕಾಗದ ಬಂತು. ಮೊಬೈಲಿನಲ್ಲಿ ತರ್ಜುಮೆ ಮಾಡಿದರೆ "ನಾಯಿಯನ್ನು ದೂರ ಮಾಡಬೇಕು" ಅಂತ ಬಂತಂತೆ. ಮನೆ ಬಿಡಬೇಕೋ, ನಾಯಿ ಬಿಡಬೇಕೋ ಗೊತ್ತಾಗಲಿಲ್ಲ. ನಮ್ಮಲ್ಲಿ ಮಧ್ಯರಾತ್ರಿ, ಫೋನು. "ಅಣ್ಣಾ, ವಾಪಸ್ ಬಂದ್ಬಿಡ್ತೀನಿ ಕಣೋ." ಅತ್ತಳು. ನಾನು ಏನು ಹೇಳಲಿ? ಮಗುವಿಲ್ಲ, ಅವರಿಗೆ ಇರುವುದು ಅದೊಂದೇ ಅಂತ ಅವತ್ತು ನನ್ನ ಮಂಡೆಗೆ ಹೋಯಿತು.

ನನಗೆ ಹೊಳೆದದ್ದು ಪ್ರೆಸ್ಸಿನ ಮೂಲೆಯಲ್ಲಿದ್ದ ಕಿಟೆಲ್ ನಿಘಂಟು. ಅಪ್ಪ ಮೊಳೆ ಜೋಡಿಸುವಾಗ ಅನುಮಾನ ಬಂದರೆ ಅದನ್ನೇ ತೆಗೆಯುತ್ತಿದ್ದರು. ಕಿಟೆಲ್ ಆ ದೇಶದವನೇ. 1853ರಲ್ಲಿ, 21ನೇ ವಯಸ್ಸಿನಲ್ಲಿ, ಗುರುತಿನವರಿಲ್ಲದ ನಮ್ಮ ನಾಡಿಗೆ ಬಂದ. ಬಂದದ್ದು ಧರ್ಮಪ್ರಚಾರಕ್ಕೆ, ಅದನ್ನು ಮುಚ್ಚಿಡುವುದೇನಿಲ್ಲ. ಆದರೆ ಕಲಿತ. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟ. ಅವನಿಗಿಂತ ಮೊದಲು ಬಂದ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ತಂದ, ಕನ್ನಡದ ಮೊದಲ ಪತ್ರಿಕೆ. ನಮ್ಮ ಅಚ್ಚಿನ ಕಸುಬಿಗೆ ಅನ್ನ ಹಾಕಿದವರಲ್ಲಿ ಇವರೂ ಇದ್ದಾರೆ. "ಅವರು ನಮ್ಮ ಭಾಷೆ ಕಲಿತರು, ನೀನು ಅವರದು ಕಲಿಯೋದಕ್ಕೆ ಏನು ಬಂದಿದೆ ಧಾಡಿ?" ಎಂದೆ. ಸಿಟ್ಟಿನಲ್ಲಿ ಫೋನಿಟ್ಟಳು. ಮುಂದಿನ ವಾರ ಕ್ಲಾಸಿಗೆ ಹೆಸರು ಕೊಟ್ಟಳು.

ಹೊಸಬರಿಗೆ ಅಂತಲೇ ಅಲ್ಲಿ ಸರ್ಕಾರ ನಡೆಸುವ ಪಾಠ ಇದೆ. ಭಾಷೆಗೆ 600 ಪಾಠ, ದೇಶದ ಕಾನೂನು, ಚರಿತ್ರೆ, ನಡವಳಿಕೆಗೆ 100 ಪಾಠ. ಖರ್ಚಿನಲ್ಲಿ ದೊಡ್ಡ ಪಾಲು ಸರ್ಕಾರದ್ದು. ಇವಳ ಪಕ್ಕ ಸಿರಿಯಾದವನು, ಹಿಂದೆ ಉಕ್ರೇನಿನ ತಾಯಿ. ಮೂರು ತಿಂಗಳಾದ ಮೇಲೆ ಆ ಎರಡು ಪುಟದ ಕಾಗದವನ್ನು ತಾನೇ ಓದಿದಳು. ಅದರಲ್ಲಿ ನಾಯಿಯನ್ನು ಬಿಡಿ ಅಂತ ಇರಲೇ ಇಲ್ಲ! ರಾತ್ರಿ ಅದನ್ನು ಗೋಡೆಯಿಂದ ದೂರ, ಒಳಗಿನ ಕೋಣೆಯಲ್ಲಿ ಮಲಗಿಸಿ ಅಂತ ಇತ್ತು. ಕೆಳಗಿನ ಮನೆಯ ಅಜ್ಜಿಯ ಬಾಗಿಲು ತಟ್ಟಿ ಮುರುಕು ಜರ್ಮನ್‌ನಲ್ಲಿ ಕ್ಷಮೆ ಕೇಳಿದಳು. ದೂರು ಕೊಟ್ಟವಳೇ ಆ ಅಜ್ಜಿ. ಈಗ ಇವಳು ಕ್ಲಾಸಿಗೆ ಹೋದಾಗ ಕೊಂಬನ್ನು ನೋಡಿಕೊಳ್ಳುವುದು ಅವಳೇ. ನಾಯಿಗೆ ಜರ್ಮನ್ ಬರಲಿಲ್ಲ, ಅಜ್ಜಿಗೇ ಕನ್ನಡ ಬಂತು. ವಿಡಿಯೋದಲ್ಲಿ ನೋಡಿದ್ದೇನೆ, "ಕೂತ್ಕಳ್ಳಾ" ಅನ್ನುತ್ತಾಳೆ. 'ಳ'ಕಾರ ಮಾತ್ರ ಸ್ವಲ್ಪ ಜಾರುತ್ತದೆ. ನಮ್ಮ ಟಿವಿ ನಿರೂಪಕರಿಗಿಂತ ವಾಸಿ.

ನೀವು ಚಪ್ಪಾಳೆ ತಟ್ಟುತ್ತಿದ್ದೀರಿ. ಸ್ವಲ್ಪ ತಡೆಯಿರಿ, ಮುಂದಿನ ಮಾತು ನಿಮಗೆ ಹಿಡಿಸದಿರಬಹುದು. ಭಾವನ ಆಫೀಸಿನಲ್ಲಿ ಎಂಟು ವರ್ಷದಿಂದ ಇರುವ ನಮ್ಮ ಬೆಂಗಳೂರು ಹುಡುಗರಿದ್ದಾರೆ. ರೊಟ್ಟಿ ಅಂಗಡಿಯಲ್ಲಿ ಇವತ್ತಿಗೂ ಬೆರಳು ತೋರಿಸುತ್ತಾರೆ. "ಇಂಗ್ಲಿಷ್ ಬರಲ್ಲವಾ ಇವರಿಗೆ" ಅಂತ ಗೊಣಗುತ್ತಾರಂತೆ. ಮಾರತ್‌ಹಳ್ಳಿಯಲ್ಲಿ ಯಾರೋ ಹೀಗಂದರೆ ನಾವು ಧಿಕ್ಕಾರ ಕೂಗುತ್ತೇವೆ, ನಾನೇ ಆ ಭಿತ್ತಿಪತ್ರ ಅಚ್ಚು ಹಾಕುತ್ತೇನೆ. ಫ್ರಾಂಕ್‌ಫರ್ಟಿನಲ್ಲಿ ನಮ್ಮವನೇ ಅಂದರೆ? ಇನ್ನೊಂದು ಪ್ರಶ್ನೆ ನನಗೇ. 2024ರಲ್ಲಿ ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕು ಅಂತ ಕಾನೂನು ತಿದ್ದಿದರು, ಒಳ್ಳೆಯದೇ, ನನ್ನ ಫ್ಲೆಕ್ಸ್ ಮಿಷನ್ನಿಗೂ ಕೆಲಸ ಸಿಕ್ಕಿತು. ಆದರೆ ನಮ್ಮ ಬೀದಿಗೆ ಬಂದ ಬಿಹಾರದ ಹುಡುಗನನ್ನು ಕೂರಿಸಿ 600 ಪಾಠ ಬೇಡ, ಆರು ಪಾಠ ಹೇಳಿಕೊಟ್ಟಿದ್ದೇನಾ? ನನ್ನ ಪ್ರೆಸ್ಸಿನಲ್ಲೇ ಬೈಂಡಿಂಗ್ ಮಾಡುವ ಹುಡುಗನ ಜೊತೆ ನಾನು ಮಾತಾಡುತ್ತಿದ್ದುದು ಹರಕು ಹಿಂದಿಯಲ್ಲಿ. ತಂಗಿ ಬೈದ ಮೇಲೆ ನಿಲ್ಲಿಸಿದೆ. ಈಗ ಅವನು 'ರೀಮು ಎತ್ತಿಡು' ಅಂದರೆ ಎತ್ತಿಡುತ್ತಾನೆ. ಸಂಬಳ ಕೇಳುವುದಂತೂ ಸ್ಪಷ್ಟ ಕನ್ನಡದಲ್ಲೇ.

ಅಲ್ಲಿ ರೈನ್-ಮೈನ್ ಕನ್ನಡ ಸಂಘ ಅಂತ ನಮ್ಮವರ ಸಂಘ ಇದೆ. ತಂಗಿ ಹಬ್ಬಕ್ಕೆ ಹೋಗುತ್ತಾಳೆ. ಹೋಳಿಗೆ ಮಾಡಿ ಅಜ್ಜಿಗೂ ಕೊಟ್ಟಳಂತೆ.

ಕಳೆದ ದೀಪಾವಳಿಗೆ ಒಂದು ಲೇಬಲ್ ಅಚ್ಚು ಹಾಕಿ ಕಳಿಸು ಎಂದಳು, ಟಪಾಲು ಡಬ್ಬಕ್ಕೆ. ಮೇಲೆ ಅವರ ಲಿಪಿಯಲ್ಲಿ, ಪೋಸ್ಟ್‌ಮ್ಯಾನ್ ಓದುವ ಹಾಗೆ ದಪ್ಪಕ್ಕೆ. ಕೆಳಗೆ ಕನ್ನಡದಲ್ಲಿ 'ಮಾಗಡಿ'. ನಾಲ್ಕು ಪ್ರೂಫ್ ತೆಗೆದೆ. ಲಗ್ನಪತ್ರಿಕೆಗೂ ಅಷ್ಟು ತೆಗೆಯುವವನಲ್ಲ. ಈಗ ಅದು ಅಲ್ಲಿ ಅಂಟಿದೆ, ಫೋಟೋ ನನ್ನ ಮೊಬೈಲಿನಲ್ಲಿದೆ, ಬೇಕಾದವರು ನೋಡಬಹುದು. ನಿಮ್ಮಲ್ಲಿ ಯಾರಾದರೂ ಹೊರಡುವವರಿದ್ದರೆ ಪ್ರೆಸ್ಸಿಗೆ ಬನ್ನಿ, ನಿಮ್ಮೂರಿನ ಹೆಸರಿನ ಲೇಬಲ್ ಮಾಡಿಕೊಡುತ್ತೇನೆ, ದುಡ್ಡು ಬೇಡ. ಕಾಗುಣಿತ ಮಾತ್ರ ನೀವೇ ಬರೆದು ತನ್ನಿ.