ಮನೆಗಂದಾಯವೂ ಊರಿನ ದಾಸೋಹವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)



ಇಂತಹ ಮಹೋತ್ಸವದಲ್ಲಿ ಷಟ್‌ಸ್ಥಲವನ್ನು ಕುರಿತೋ ಅಷ್ಟಾವರಣವನ್ನು ಕುರಿತೋ ಮಾತನಾಡುವುದು ರೂಢಿ. ನಾನಾದರೋ ಸನ್ನಿಧಿಯವರ ಅಪ್ಪಣೆಯನ್ನು ಪಡೆದು ಲೌಕಿಕವೆಂದು ತೋರುವ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ತುಮಕೂರು, ಗುಬ್ಬಿ, ಕುಣಿಗಲುಗಳಿಂದ ಮಠಕ್ಕೆ ಬರುವ ಭಕ್ತರು ಪಾದೋದಕ ಪ್ರಸಾದಗಳಾದ ಮೇಲೆ ಜಗಲಿಯಲ್ಲಿ ಕುಳಿತು ಆಡುವ ಮಾತುಗಳಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಮನೆಗಂದಾಯವು ವರ್ಷವರ್ಷಕ್ಕೂ ಏರುತ್ತಿದೆ. ಕೊಟ್ಟ ಹಣಕ್ಕೆ ತಕ್ಕ ಅನುಕೂಲವು ಊರಿಗೆ ಆಗುತ್ತಿದೆಯೆ?" ಈ ಪ್ರಶ್ನೆಯು ಧರ್ಮಕ್ಕೆ ಹೊರಗಾದುದಲ್ಲ. ಹಣವನ್ನು ಹೇಗೆ ಗಳಿಸಬೇಕು, ಹೇಗೆ ಸವೆಸಬೇಕು ಎಂಬುದನ್ನು ಕಾಯಕ ದಾಸೋಹಗಳೆಂಬ ಎರಡೇ ಮಾತುಗಳಲ್ಲಿ ಅಡಕಮಾಡಿ ತಿಳಿಸಿದ ಪರಂಪರೆ ನಮ್ಮದು. ಆದುದರಿಂದ ಈ ಪ್ರಶ್ನೆಗೆ ಉತ್ತರವನ್ನು ಹುಡುಕುವ ಭಾರವೂ ನಮ್ಮ ಮೇಲಿದೆ.

ಮೊದಲು ಕರವೆಂಬುದರ ಸ್ವರೂಪವನ್ನು ನೋಡೋಣ. ಕಾಳಿದಾಸನು ರಘುವಂಶದಲ್ಲಿ ದಿಲೀಪನ ಕರಗ್ರಹಣವನ್ನು ಸೂರ್ಯನು ನೀರನ್ನು ಹೀರುವುದಕ್ಕೆ ಹೋಲಿಸಿರುವುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಹೀರಿದುದು ಮಳೆಯಾಗಿ ಹಿಂದಿರುಗಬೇಕೆಂಬುದೇ ಆ ಹೋಲಿಕೆಯ ಜೀವ. ನಮ್ಮ ಪೂರ್ವಿಕರು ಇದನ್ನು ಕಾವ್ಯದಲ್ಲಿ ಬಿಟ್ಟು ಸುಮ್ಮನಿರಲಿಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಬರುತ್ತವೆ. ಕೆರೆಯನ್ನು ಕಟ್ಟಿದವನಿಗೆ, ಕಟ್ಟಿದುದನ್ನು ಕಾಪಾಡುವವನಿಗೆ ಭೂಮಿಯಲ್ಲಿಯೋ ಬೆಳೆಯಲ್ಲಿಯೋ ಒಂದು ಪಾಲನ್ನು ಮೀಸಲಿಡುತ್ತಿದ್ದ ಏರ್ಪಾಡುಗಳವು. ಏರಿಗೆ ಮಣ್ಣು ಹಾಕುವುದು, ತೂಬನ್ನು ಸರಿಪಡಿಸುವುದು, ಕೋಡಿಯನ್ನು ಕಾಯುವುದು, ಇವೆಲ್ಲಕ್ಕೂ ಹುಟ್ಟುವಳಿಯು ಗೊತ್ತಾಗಿತ್ತು. ಕೊಟ್ಟ ರೈತನು ಏರಿಯ ಮೇಲೆ ನಿಂತರೆ ತಾನು ಕೊಟ್ಟುದು ಎಲ್ಲಿ ಹೋಯಿತೆಂಬುದು ಅವನ ಕಣ್ಣಿಗೇ ಕಾಣುತ್ತಿತ್ತು. ಇಂದಿನ ಕಂದಾಯದಲ್ಲಿ ನಮಗೆ ಕೊರತೆಯಾಗಿರುವುದು ಈ ಕಾಣ್ಕೆಯೇ.

ಇನ್ನು ಇಂದಿನ ವ್ಯವಸ್ಥೆ. ತುಮಕೂರಿನಲ್ಲಿ ಮಹಾನಗರಪಾಲಿಕೆಯೂ, ಕುಣಿಗಲಿನಲ್ಲಿ ಪುರಸಭೆಯೂ, ಗುಬ್ಬಿಯಲ್ಲಿ ಪಟ್ಟಣ ಪಂಚಾಯತಿಯೂ ಈ ತೆರಿಗೆಯನ್ನು ಎತ್ತುತ್ತವೆ. ಪಾಲಿಕೆಗೆ 1976ರ ಕಾಯ್ದೆಯೂ, ಉಳಿದೆರಡಕ್ಕೆ 1964ರ ಕಾಯ್ದೆಯೂ ಆಧಾರ. ಹಿಂದೆ ಊರಿನ ಬಾಗಿಲಲ್ಲಿ ಸರಕಿನ ಗಾಡಿಯನ್ನು ತಡೆದು ಆಕ್ಟ್ರಾಯ್ ಎಂಬ ಸುಂಕವನ್ನು ವಸೂಲುಮಾಡುತ್ತಿದ್ದರು. 1979ರಲ್ಲಿ ಅದು ನಿಂತುಹೋಯಿತು. ಅಂದಿನಿಂದ ನಗರಸಂಸ್ಥೆಗಳ ಕೈಯಲ್ಲಿ ಉಳಿದಿರುವ ದೊಡ್ಡ ಸ್ವಂತ ಹುಟ್ಟುವಳಿಯೆಂದರೆ ಆಸ್ತಿತೆರಿಗೆಯೊಂದೇ. ಈಗ ಆಸ್ತಿಯ ಮಾಲೀಕನೇ ತನ್ನ ತೆರಿಗೆಯನ್ನು ಲೆಕ್ಕಹಾಕಿ ಘೋಷಿಸುವ ಸ್ವಯಂಘೋಷಣೆಯ ಪದ್ಧತಿಯಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ಆಧಾರವಾಗಿಟ್ಟುಕೊಂಡು, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆದು, ಉಳಿದ ಮೌಲ್ಯದ ಮೇಲೆ ಇಷ್ಟು ಎಂದು ತೆರಿಗೆಯನ್ನು ಗೊತ್ತುಮಾಡುತ್ತಾರೆ.

ತೆರಿಗೆಯು ಈಚೆಗೆ ಏರಿರುವುದಕ್ಕೆ ಕಾರಣವೇನು? 2021ರಿಂದ 2026ರವರೆಗಿನ ಅವಧಿಗೆ ಶಿಫಾರಸು ಮಾಡಿದ 15ನೆಯ ಹಣಕಾಸು ಆಯೋಗವು ಒಂದು ನಿಬಂಧನೆಯನ್ನು ಹಾಕಿತು. ಆಸ್ತಿತೆರಿಗೆಗೆ ಕನಿಷ್ಠ ದರವನ್ನು ಪ್ರಕಟಿಸಿ, ರಾಜ್ಯದ ಉತ್ಪನ್ನವು ಬೆಳೆದಂತೆ ತೆರಿಗೆಯ ವಸೂಲಿಯನ್ನೂ ಬೆಳೆಸದ ರಾಜ್ಯದ ನಗರಸಂಸ್ಥೆಗಳಿಗೆ ಅನುದಾನವಿಲ್ಲವೆಂಬುದೇ ಆ ನಿಬಂಧನೆ. ಇದಲ್ಲದೆ ಭೂಮಿಯ ಮಾರ್ಗಸೂಚಿ ಬೆಲೆಯು ಏರಿದಾಗ ಅದಕ್ಕೆ ಕಟ್ಟಿದ ತೆರಿಗೆಯೂ ಏರುವುದು ಸಹಜ. ಹೀಗೆ ಏರಿಕೆಯ ಮೂಲವು ಊರಿನ ಕಚೇರಿಯ ಗುಮಾಸ್ತನ ಮೇಜಿನಲ್ಲಿ ಮಾತ್ರವೇ ಇಲ್ಲವೆಂಬುದನ್ನು ನಾವು ಅರಿಯಬೇಕು.

ರಸೀತಿಯನ್ನು ಒಮ್ಮೆ ಬಿಡಿಸಿ ಓದೋಣ. ಒಂದು ಮನೆಗೆ 5000 ರೂಪಾಯಿ ತೆರಿಗೆ ಬಂದಿತೆಂದು ಭಾವಿಸಿರಿ. ಅದರ ಮೇಲೆ ನೂರಕ್ಕೆ 15ರಂತೆ ಆರೋಗ್ಯ ಕರ 750 ರೂಪಾಯಿ, ನೂರಕ್ಕೆ 6ರಂತೆ ಗ್ರಂಥಾಲಯ ಕರ 300 ರೂಪಾಯಿ, ನೂರಕ್ಕೆ 3ರಂತೆ ಭಿಕ್ಷುಕರ ಕರ 150 ರೂಪಾಯಿ. ಈ ಮೂರೇ ಸೇರಿ 1200 ರೂಪಾಯಿಗಳಾದವು. ಆರೋಗ್ಯ ಕರವು 1962ರ ಕಾಯ್ದೆಯಿಂದಲೂ, ಗ್ರಂಥಾಲಯ ಕರವು 1965ರ ಕಾಯ್ದೆಯಿಂದಲೂ, ಭಿಕ್ಷುಕರ ಕರವು 1975ರ ಕಾಯ್ದೆಯಿಂದಲೂ ಬಂದುವು. ಇವುಗಳನ್ನು ಎತ್ತುವುದು ನಗರಸಂಸ್ಥೆ; ಆದರೆ ಆ ಹಣವು ನಗರಸಂಸ್ಥೆಯದಲ್ಲ, ಆಯಾ ಇಲಾಖೆಗಳಿಗೆ ಸಲ್ಲತಕ್ಕುದು. ಗ್ರಂಥಾಲಯದಲ್ಲಿ ಹೊಸ ಪುಸ್ತಕವಿಲ್ಲವೆಂದು ಪಾಲಿಕೆಯ ಸದಸ್ಯನನ್ನು ಬೈಯುವವನು, ತನ್ನ 300 ರೂಪಾಯಿ ಎತ್ತಿದ ಕೈಯಿಂದ ಗ್ರಂಥಾಲಯಕ್ಕೆ ನಿಜವಾಗಿ ಸಂದಿದೆಯೆ ಎಂಬುದನ್ನು ಮೊದಲು ಕೇಳಬೇಕು. ಪೊಲೀಸು, ಜಿಲ್ಲಾ ಆಸ್ಪತ್ರೆ, ಕಾಲೇಜುಗಳೂ ಮನೆಗಂದಾಯದಿಂದ ನಡೆಯತಕ್ಕುವಲ್ಲ. ಬೀದಿಯ ದೀಪ, ಚರಂಡಿ, ಕಸದ ವಿಲೇವಾರಿ, ಊರೊಳಗಿನ ರಸ್ತೆ, ಉದ್ಯಾನ, ಸ್ಮಶಾನ, ಇವು ಮನೆಗಂದಾಯವನ್ನು ಮುಖ್ಯವಾಗಿ ನೆಚ್ಚಿಕೊಂಡ ಕೆಲಸಗಳು. ಕೇಳುವ ಪ್ರಶ್ನೆಯು ಸರಿಯಾದ ಬಾಗಿಲಿಗೆ ಹೋಗದಿದ್ದರೆ ಉತ್ತರವೂ ಬಾರದು.

ಈಗ ಅನುಕೂಲಗಳ ಮಾತು. ತುಮಕೂರು ನಗರವು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಆ ಯೋಜನೆಯಲ್ಲಿ ಒಂದೊಂದು ನಗರಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿ, ಅದಕ್ಕೆ ಸಮವಾಗಿ ರಾಜ್ಯದ ಕಡೆಯಿಂದ ಅಷ್ಟೇ ಹಣ ಎಂಬುದು ಏರ್ಪಾಡು. ರಸ್ತೆಗಳು ಅಗಲವಾದುವು, ಮಹಾತ್ಮಾ ಗಾಂಧಿ ಕ್ರೀಡಾಂಗಣವು ಹೊಸದಾಯಿತು, ಅಮಾನಿಕೆರೆಯ ಸುತ್ತ ಕೆಲಸವಾಯಿತು. 2025ರ ಮಾರ್ಚಿಗೆ ಆ ಯೋಜನೆಯ ಅವಧಿಯು ಮುಗಿಯಿತು. ಇನ್ನು ಮುಂದೆ ಆ ರಸ್ತೆಯ ಗುಂಡಿಯನ್ನು ಮುಚ್ಚುವವರಾರು? ಕೆಟ್ಟ ದೀಪವನ್ನು ಬದಲಾಯಿಸುವವರಾರು? ಕಟ್ಟುವುದು ಅನುದಾನದಿಂದ, ಕಾಪಾಡುವುದು ಕಂದಾಯದಿಂದ. ರಥವನ್ನು ಮಾಡಿಸಲು ಒಬ್ಬ ದಾನಿ ಸಾಕು. ವರ್ಷವರ್ಷವೂ ಮಿಣಿಯನ್ನು ಹಿಡಿದು ಎಳೆಯಲು ಊರೇ ಬೇಕು.

ನೀರಿನ ವಿಷಯವೂ ಹೀಗೆಯೇ. ಹಿಂದೆ ಮೈದಾಳದ ಕೆರೆಯನ್ನು ನೆಚ್ಚಿದ್ದ ತುಮಕೂರಿಗೆ ಈಗ ಹೇಮಾವತಿಯ ನೀರು ಬುಗುಡನಹಳ್ಳಿಯ ಕೆರೆಗೆ ಬಂದು, ಅಲ್ಲಿಂದ ಶುದ್ಧವಾಗಿ ಮನೆಮನೆಗೆ ಹರಿಯುತ್ತದೆ. ಬಲ್ಲಾಳರಾಯನ ದುರ್ಗದ ಬಳಿ ಹುಟ್ಟಿದ ನದಿಯು ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ನಾಲೆಯಲ್ಲಿ ಹರಿದು ನಮ್ಮ ಕೊಡಕ್ಕೆ ಬೀಳುವುದೆಂದರೆ ಅದು ಎಷ್ಟು ಜನರ ಕಾಯಕದ ಫಲ! ನೀರಿಗೆ ಬೇರೆ ಶುಲ್ಕವಿದೆ, ನಿಜ. ಆದರೆ ಕೊಳವೆಯನ್ನು ಕಾಯುವ, ಒಡೆದ ಕಡೆ ಬೆಸೆಯುವ ಆಡಳಿತವು ಬಡವಾದರೆ ಶುಲ್ಕವೊಂದರಿಂದಲೇ ನೀರು ಬಾರದು. ಕಸದ ಮಾತಂತೂ ಇನ್ನೂ ಗಂಭೀರವಾದುದು. ನಮ್ಮ ಮನೆಯಂಗಳವನ್ನು ಗುಡಿಸಿದ ಕಸವು ಅಜ್ಜಗೊಂಡನಹಳ್ಳಿಯ ಘಟಕಕ್ಕೆ ಹೋಗುತ್ತದೆ. ನಗರದವರು ಹಸಿ ಒಣ ಕಸಗಳನ್ನು ಬೇರ್ಪಡಿಸದೆ, ಅದನ್ನು ಸಂಸ್ಕರಿಸಲು ತಕ್ಕ ಹಣವನ್ನೂ ಕೊಡದೆ ಹೋದರೆ, ನಮ್ಮ ಮೈಲಿಗೆಯ ದುರ್ವಾಸನೆಯನ್ನು ಒಂದು ಹಳ್ಳಿಯ ಜನರು ಉಣ್ಣಬೇಕಾಗುತ್ತದೆ. ಇದು ಶರಣಧರ್ಮವೆನಿಸುವುದೆ?

ಆದುದರಿಂದ ಕಂದಾಯವನ್ನು ಕೊಡುವುದು ಯೋಗ್ಯವೆ ಎಂಬ ಪ್ರಶ್ನೆಗೆ ನನ್ನ ಉತ್ತರವು "ಯೋಗ್ಯ" ಎಂಬುದೇ. ಆದರೆ ಉತ್ತರವು ಅಲ್ಲಿಗೆ ಮುಗಿಯುವುದಿಲ್ಲ. ಕೊಡುವವನಿಗೆ ಹೇಗೆ ಧರ್ಮವಿದೆಯೋ ಹಾಗೆಯೇ ತೆಗೆದುಕೊಳ್ಳುವವನಿಗೂ ಧರ್ಮವಿದೆ.

ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದುದು ನಮಗೆಲ್ಲರಿಗೂ ತಿಳಿದುದೇ. ಅರಸನ ಬೊಕ್ಕಸವನ್ನು ಜಂಗಮರಿಗೆ ಸವೆಸುತ್ತಿದ್ದಾರೆಂದು ಕೊಂಡೆಯರು ದೂರಿದರೆಂದೂ, ಅರಸನು ಬಂದು ಎಣಿಸಿ ನೋಡಲಾಗಿ ಒಂದು ಹಾಗವೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಅದನ್ನು ಪವಾಡವೆಂದು ಕೈಮುಗಿದು ಮುಂದೆ ಹೋಗುವವರೇ ಹೆಚ್ಚು. ನಾನು ಅದರಲ್ಲಿ ಇನ್ನೊಂದನ್ನು ಕಾಣುತ್ತೇನೆ. "ನನ್ನನ್ನೇ ಸಂಶಯಪಡುವಿರಾ" ಎಂದು ಅಣ್ಣನವರು ಭಂಡಾರದ ಬಾಗಿಲನ್ನು ಮುಚ್ಚಲಿಲ್ಲ, ತೆರೆದು ತೋರಿಸಿದರು. ಪರರ ಹಣವನ್ನು ಕಾಯುವವನು ಲೆಕ್ಕವನ್ನು ಒಪ್ಪಿಸುವುದು ಅವಮಾನವಲ್ಲ, ಅದೇ ಅವನ ಕಾಯಕ. ಆಯ್ದಕ್ಕಿ ಮಾರಯ್ಯಗಳು ಒಂದು ದಿನ ರೂಢಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದುಬರಲು ಹೇಳಿದ ಕಥೆಯೂ ಇಲ್ಲಿಗೆ ಸಲ್ಲುತ್ತದೆ. ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಬೇಕೆಂಬ ನೀತಿಯು ಮನೆಗೆ ಹೇಗೋ ನಗರಸಭೆಗೂ ಹಾಗೆಯೇ.

ಈ ಅಳತೆಯಿಂದ ನೋಡಿದರೆ ಭಕ್ತರ ದೂರಿನಲ್ಲಿ ಹುರುಳಿಲ್ಲದಿಲ್ಲ. ಹಳೆಯ ಪೇಟೆಯಲ್ಲಿ ಪಿತ್ರಾರ್ಜಿತವಾದ ಮನೆಯಲ್ಲಿರುವ ವಿಧವೆಯನ್ನು ನೆನೆಯಿರಿ. ಪಕ್ಕದಲ್ಲಿ ಅಂಗಡಿಗಳೆದ್ದು ಭೂಮಿಯ ಬೆಲೆಯು ಏರಿತು. ಆಕೆಯ ಪಿಂಚಣಿಯು ಏರಲಿಲ್ಲ. ಮಾರದ ಮನೆಯ ಬೆಲೆಯು ಒಲೆಯ ಮೇಲೆ ಬೇಯುವುದಿಲ್ಲ. ಬೆಲೆಯನ್ನೇ ಅಳತೆಗೋಲಾಗಿ ಮಾಡಿದ ತೆರಿಗೆಯಲ್ಲಿ ಇದೊಂದು ನಿಜವಾದ ದೋಷ. ಕಾಯ್ದೆಯು ಕನಿಷ್ಠ ಗರಿಷ್ಠ ಮಿತಿಗಳನ್ನು ಹಾಕಿ, ನಡುವೆ ದರವನ್ನು ಗೊತ್ತುಮಾಡುವ ಅವಕಾಶವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟಿರುವುದರಿಂದ, ಸ್ವಂತ ವಾಸದ ಸಣ್ಣ ಮನೆಗಳಿಗೆ ಕೆಳಗಿನ ದರವನ್ನು ಹಿಡಿಯುವುದು ನ್ಯಾಯ. ಎರಡನೆಯದಾಗಿ, ಕೊಡುವವನ ಮೇಲೆಯೇ ಹೆಚ್ಚಿಸುವುದಕ್ಕಿಂತ ಕೊಡದವನನ್ನು ಪಟ್ಟಿಗೆ ತರುವುದು ಮೇಲು. 2025ರಲ್ಲಿ ಅನಧಿಕೃತ ಬಡಾವಣೆಗಳ ನಿವೇಶನಗಳಿಗೆ ಬಿ-ಖಾತೆಯನ್ನು ಕೊಟ್ಟು ತೆರಿಗೆಯ ವ್ಯಾಪ್ತಿಗೆ ತರುವ ಕಾರ್ಯವು ರಾಜ್ಯದ ನಗರಸಂಸ್ಥೆಗಳಲ್ಲೆಲ್ಲ ಆರಂಭವಾಯಿತು. ಒಂದೇ ಬೀದಿಯ ದೀಪದ ಕೆಳಗೆ ನಡೆಯುವವರಲ್ಲಿ ಒಬ್ಬನು ಕೊಟ್ಟು ಇನ್ನೊಬ್ಬನು ಕೊಡದಿರುವುದು ಪಂಕ್ತಿಭೇದವೇ ಸರಿ.

ಇಲ್ಲಿ ನಮ್ಮ ಮನೆಯ ಮಾತನ್ನೂ ಆಡದಿದ್ದರೆ ಈ ಉಪನ್ಯಾಸವು ಪ್ರಾಮಾಣಿಕವಾಗದು. ಪೂಜಾಸ್ಥಾನಗಳಿಗೂ, ಬಾಡಿಗೆಯಿಲ್ಲದೆ ಇಳಿಯಲು ಬಿಡುವ ಛತ್ರಗಳಿಗೂ, ಅನಾಥರಿಗೆ ಆಶ್ರಯವಾದ ಕಟ್ಟಡಗಳಿಗೂ ಕಾಯ್ದೆಯು ತೆರಿಗೆಯಿಂದ ವಿನಾಯಿತಿಯನ್ನು ಕೊಟ್ಟಿದೆ. ಮಠದ ಮುಂದಿನ ರಸ್ತೆಯನ್ನು ಗುಡಿಸುವ ಪೌರಕಾರ್ಮಿಕನ ಸಂಬಳವನ್ನು ಹಾಗಾದರೆ ಯಾರು ಕೊಡುತ್ತಾರೆ? ಎದುರು ಮನೆಯ ಗೃಹಸ್ಥನೇ. ಈ ಋಣವನ್ನು ಮಠಗಳು ಅನ್ನದಿಂದಲೂ ಅಕ್ಷರದಿಂದಲೂ ತೀರಿಸುತ್ತ ಬಂದಿವೆ. ಸಿದ್ಧಗಂಗೆಯ ದಾಸೋಹವು ನಮ್ಮ ಜಿಲ್ಲೆಗೆ ಕಣ್ಣೆದುರಿನ ನಿದರ್ಶನ. ಆದರೆ ವಿನಾಯಿತಿಯು ಗದ್ದುಗೆಗೆ ಮತ್ತು ದಾಸೋಹದ ಪಂಕ್ತಿಗೆ ಸಂದದ್ದೇ ಹೊರತು, ಬಾಡಿಗೆಗೆ ಕೊಟ್ಟ ಮಳಿಗೆಗಲ್ಲ. ಯಾವ ಮಠವಾದರೂ, ಯಾವ ಧರ್ಮಸಂಸ್ಥೆಯಾದರೂ ವ್ಯಾಪಾರದ ಕಟ್ಟಡವನ್ನು ಧರ್ಮದ ಹೆಸರಿನ ನೆರಳಿನಲ್ಲಿ ಇಡಕೂಡದು. ಗೃಹಸ್ಥನಿಗೆ ಕಂದಾಯವನ್ನು ಕೊಡೆಂದು ಬೋಧಿಸುವ ಬಾಯಿಯು ಮೊದಲು ತನ್ನ ರಸೀತಿಯನ್ನು ತೋರಿಸಬೇಕು.

ಕೊನೆಯದಾಗಿ, ಭಕ್ತರು ಮಾಡತಕ್ಕುದೇನು? ಕಂದಾಯವನ್ನು ತಡೆದಿಡುವುದರಿಂದ ಆಡಳಿತವು ಶುದ್ಧವಾಗುವುದಿಲ್ಲ. ತಡಮಾಡಿದರೆ ತಿಂಗಳಿಗೆ ನೂರಕ್ಕೆ 2ರಂತೆ ದಂಡವು ಬೆಳೆಯುವುದಷ್ಟೆ. ಏಪ್ರಿಲ್ ತಿಂಗಳಲ್ಲಿಯೇ ಕಟ್ಟಿದವರಿಗೆ ನೂರಕ್ಕೆ 5ರ ರಿಯಾಯಿತಿಯಿದೆ. ಯುಗಾದಿಯ ಬೇವುಬೆಲ್ಲವನ್ನು ಸವಿದ ಕೈಯಿಂದಲೇ ಅದನ್ನು ಕಟ್ಟಿಬಿಡಿರಿ. ಘೋಷಣೆಯಲ್ಲಿ ಒಂದು ಚದರಡಿಯನ್ನೂ ಮರೆಸಬೇಡಿರಿ. ಕಟ್ಟಿದ ಮೇಲೆ ಸುಮ್ಮನೆ ಕೂರಬೇಡಿರಿ. ಪಾಲಿಕೆಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು 2011ರ ತಿದ್ದುಪಡಿಯೇ ವಿಧಿಸಿದೆ, ಅಲ್ಲಿಗೆ ಹೋಗಿರಿ. ಆಯವ್ಯಯವನ್ನು ಕೇಳಲು 2005ರ ಮಾಹಿತಿ ಹಕ್ಕಿನ ಕಾಯ್ದೆಯಿದೆ. ಜಾತ್ರೆಯ ಲೆಕ್ಕವನ್ನು ಚಾವಡಿಯಲ್ಲಿ ಓದಿ ಹೇಳುವಂತೆ, ನಮ್ಮ ಬೀದಿಯಿಂದ ಬಂದುದೆಷ್ಟು, ನಮ್ಮ ಬೀದಿಗೆ ಸಂದುದೆಷ್ಟು ಎಂಬುದನ್ನು ವರ್ಷಕ್ಕೊಮ್ಮೆ ಓದಿ ಹೇಳಿರೆಂದು ಗುಬ್ಬಿಯವರೂ ಕುಣಿಗಲಿನವರೂ ತುಮಕೂರಿನವರೂ ವಿನಯದಿಂದ, ಆದರೆ ಬಿಡದೆ, ಕೇಳಿರಿ. ಕೊಡದವನು ಕೇಳಿದರೆ ಅದು ಜಗಳ. ಕೊಟ್ಟವನು ಕೇಳಿದರೆ ಅದು ಹಕ್ಕು.

ಕೈಲಾಸವು ಕಾಯಕದಲ್ಲಿದೆಯೆಂದು ನಂಬಿದ ನಮಗೆ ಊರಿನ ಚರಂಡಿಯೂ ಶಿವನ ಅಂಗಳದೊಳಗಿನದೇ. ಭಕ್ತರ ಗಳಿಕೆಯು ಶುದ್ಧವಾಗಿಯೂ, ಕೊಡುಗೆಯು ಸಕಾಲದಲ್ಲಿಯೂ, ಅದನ್ನು ಪಡೆದವರ ಕೈಯು ಹಸನಾಗಿಯೂ ಇರುವಂತೆ ಗುರುಕರುಣೆಯು ಅನುಗ್ರಹಿಸಲಿ ಎಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.

ಶಿವಾರ್ಪಣಮಸ್ತು.