ಮೂಢನಂಬಿಕೆ ಎಂಬ ಶಬ್ದದ ವಿಚಾರ



ಮೂಢನಂಬಿಕೆಯೆಂಬ ಶಬ್ದವನ್ನು ಜನರು ನಿತ್ಯವೂ ಆಡುವರು. ಆದರೆ ತಮ್ಮ ನಂಬಿಕೆಗೆ ಆ ಹೆಸರನ್ನಿಟ್ಟುಕೊಂಡವರು ವಿರಳ. ಆದುದರಿಂದ ಅದರ ಹುಟ್ಟನ್ನು ತುಸು ಶೋಧಿಸುವುದು ಯುಕ್ತವಾಗಿದೆ.

ಇದರ ಪೂರ್ವಪದವು ಸಂಸ್ಕೃತ, ಉತ್ತರಪದವು ಅಚ್ಚಗನ್ನಡ. ಇಂಥ ಬೆರಕೆಯನ್ನು ಕೇಶಿರಾಜನೇ ಮೊದಲಾದ ವೈಯಾಕರಣರು ಅರಿಸಮಾಸವೆಂದು ದೂಷಿಸಿರುವರು. ಲೋಕರೂಢಿಯು ಅವರ ಮಾತನ್ನು ಕೇಳಲಿಲ್ಲ. 'ಮೂಢ' ಎಂಬುದು 'ಮುಹ್' ಧಾತುವಿನಿಂದ ಬಂದುದು. ದಿಕ್ಕು ತೋರದಂತಾಗುವುದು, ಬುದ್ಧಿಗೆ ಮಬ್ಬು ಕವಿಯುವುದು ಎಂಬುದು ಅದರ ಅರ್ಥವು. ಮೋಹವು ಹುಟ್ಟಿದುದೂ ಅದರಿಂದಲೇ. ವಿಶೇಷವೇನೆಂದರೆ, ಅದೇ ಧಾತುವಿಗೆ ಅದೇ ಪ್ರತ್ಯಯವು ಹತ್ತಿ, ಪಾಣಿನಿಯು ಹೇಳಿದ ವಿಕಲ್ಪದಿಂದ, 'ಮುಗ್ಧ' ಎಂಬ ರೂಪವೂ ಸಿದ್ಧಿಸುವುದು. ಒಂದೇ ತಾಯ ಮಕ್ಕಳಲ್ಲಿ ಒಂದು ಬೈಗುಳಾಯಿತು, ಇನ್ನೊಂದು ಮುದ್ದಿನ ಮಾತಾಯಿತು! ಮೂಲದಲ್ಲಿ ಮೂಢನೆಂದರೆ ಹುಟ್ಟುದಡ್ಡನಲ್ಲ, ಕಂಗೆಟ್ಟವನು.

ಪಂಚಾಂಗದಲ್ಲಿ ಗುರುಶುಕ್ರರ ಮೌಢ್ಯವೆಂಬುದೊಂದುಂಟು. ಆ ಗ್ರಹಗಳು ಸೂರ್ಯನ ಸಮೀಪದಲ್ಲಿ ತೋರುವಾಗ ಅವನ ಪ್ರಭೆಯಲ್ಲಿ ಕಾಣದಾಗುವುವು. ಗ್ರಹಕ್ಕೆ ಯಾವ ಕುಂದೂ ಇಲ್ಲ. ಮಬ್ಬು ನೋಡುವವನ ಕಣ್ಣಿಗೆ. ಆದರೂ ಆ ದಿನಗಳಲ್ಲಿ ವಿವಾಹವನ್ನು ಮುಂದೂಡುವರು.

ಇನ್ನು ಇಂಗ್ಲಿಷಿನ 'ಸೂಪರ್‌ಸ್ಟಿಷನ್' ಲ್ಯಾಟಿನ್ ಮೂಲದ್ದು. ಕ್ರಿಸ್ತಪೂರ್ವ 45ರ ಸುಮಾರಿಗೆ ರೋಮಿನ ಸಿಸಿರೋ ಬರೆದ ದೇವತಾಸ್ವರೂಪ ವಿಚಾರದ ಗ್ರಂಥದಲ್ಲಿ ಅದಕ್ಕೊಂದು ವ್ಯುತ್ಪತ್ತಿಯುಂಟು: ತಮ್ಮ ಮಕ್ಕಳು ತಮ್ಮ ತರುವಾಯವೂ ಬದುಕಿ ಉಳಿಯಲೆಂದು ದಿನವೆಲ್ಲ ಮೊರೆಯಿಟ್ಟು ಬಲಿಗೊಡುತ್ತಿದ್ದವರಿಗೆ ಆ ಹೆಸರು ಬಂದಿತಂತೆ. ಈ ವ್ಯುತ್ಪತ್ತಿಯನ್ನು ಎಲ್ಲ ಪಂಡಿತರೂ ಒಪ್ಪರು. ಒಪ್ಪದಿದ್ದರೂ, ಆ ತಾಯಿತಂದೆಗಳ ಅಂಜಿಕೆಯನ್ನು ಅರಿಯದವರು ಯಾರು? ಮುಂದೆ ಸುಮಾರು 112ರಲ್ಲಿ ಪ್ಲಿನಿಯೆಂಬ ಅಧಿಕಾರಿಯು ಕ್ರೈಸ್ತಮತವನ್ನೇ ಆ ಶಬ್ದದಿಂದ ಹಳಿದನು. ರೋಮ ಸಾಮ್ರಾಜ್ಯವು ಕ್ರೈಸ್ತವಾದ ಮೇಲೆ ಹಳೆಯ ದೇವತೆಗಳ ಪೂಜೆಗೆ ಅದೇ ಬಿರುದು ಬಂದಿತು. ಅಧಿಕಾರವು ಕೈ ಬದಲಿಸಿದಂತೆ ಬೈಗುಳೂ ಕೈ ಬದಲಿಸಿತೆನ್ನಬೇಕು.

ಕರ್ನಾಟಕದ 2017ರ ಶಾಸನವು ಈ ಗೊಂದಲಕ್ಕೆ ಸಿಲುಕದೆ ತನ್ನ ಹೆಸರಿನಲ್ಲಿ ಮೂಢನಂಬಿಕೆಯೆನ್ನದೆ ಅಮಾನವೀಯ ದುಷ್ಟ ಪದ್ಧತಿಗಳೆಂದೂ ವಾಮಾಚಾರವೆಂದೂ ಹೇಳಿರುವುದು ವಿವೇಕವೇ ಸರಿ. 2020ರಲ್ಲಿ ಜಾರಿಗೆ ಬಂದ ಆ ಶಾಸನವು ಮನಸ್ಸಿನೊಳಗಿನ ನಂಬಿಕೆಯನ್ನು ದಂಡಿಸದು, ಕೃತ್ಯವನ್ನು ದಂಡಿಸುವುದು. ಹಾವು ಕಚ್ಚಿದವನನ್ನು ವೈದ್ಯನ ಬಳಿಗೆ ಹೋಗದಂತೆ ತಡೆದು ಮಂತ್ರ ಹಾಕುತ್ತ ಕುಳಿತವನು ಅಲ್ಲಿ ಅಪರಾಧಿ. ಹೆದರಿ ಅವನ ಬಾಗಿಲಿಗೆ ಮಗುವನ್ನೆತ್ತಿಕೊಂಡು ಓಡಿಬಂದ ತಾಯಿಯು ಕಂಗೆಟ್ಟವಳು ಮಾತ್ರ.